ಅಂಜನಮೂರ್ತಿ ಕೊಟ್ಟ ಸಾಕ್ಷಿ

ಅಂಜನಮೂರ್ತಿಗೆ ವಾಸನೆ ತಿಳಿಯುತ್ತಿರಲಿಲ್ಲ. ಕೆ.ಆರ್. ಪುರದ ಮಾರ್ಕೆಟ್ಟಿನ ಹಿಂದೆ, ಜಗದೀಶನ ಪ್ಲೇಟಿಂಗ್ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ಹಿತ್ತಾಳೆ ನಲ್ಲಿಗಳನ್ನು ಕ್ರೋಮ್ ತೊಟ್ಟಿಗೆ ಅದ್ದಿ ಅದ್ದಿ, ಅದರ ಆವಿಗೆ ಮೂಗಿನ ನಡುಗೋಡೆ ತೂತು ಬಿದ್ದಿತ್ತು. ಅವನು ಅದ್ದಿದ ನಲ್ಲಿಗಳು ಇಂದಿರಾನಗರದ ಫ್ಲ್ಯಾಟುಗಳಲ್ಲಿ ಫಳಫಳ ಹೊಳೆಯುತ್ತಿದ್ದವು. ಅವನ ಬೆರಳ ಸಂದಿಯ ಹುಣ್ಣು ಮಾತ್ರ ಮಾಯುತ್ತಿರಲಿಲ್ಲ.

ಅದನ್ನೂ ಅವನು ತಮಾಷೆ ಮಾಡಿಕೊಂಡಿದ್ದ. "ನನ್ ಮೂಗಲ್ಲಿ ಮೆಟ್ರೋ ಸುರಂಗ ಕೊರ್ದವ್ರೆ ಗುರು. ಟಿಕೆಟ್ ಕೊಡೋದೊಂದೇ ಬಾಕಿ," ಎಂದು ಟೀ ಅಂಗಡಿಯವರನ್ನೆಲ್ಲ ನಗಿಸುತ್ತಿದ್ದ. ಶೆಡ್ಡಿನ ಪಕ್ಕದಲ್ಲೇ ಇದ್ದ ಅವನ ವಠಾರದ ಬೋರ್‌ವೆಲ್ ನೀರು ಹಳದಿಗೆ ತಿರುಗಿದಾಗಲೂ, "ಅರಿಶಿನ ಬೆರೆಸೇ ಕಳಿಸ್ತಾವ್ರೆ, ಸಾರಿಗೆ ಹಾಕೋ ಕೆಲಸ ಉಳೀತು," ಎಂದ. ಹೆಂಡತಿ ಶಾಂತಕುಮಾರಿ ನಗಲಿಲ್ಲ. ಅವಳ ಕೈಗೆ ಮೊಣಕೈವರೆಗೂ ಕಜ್ಜಿ ಎದ್ದಿತ್ತು.

ಕಾಲೇಜಿನಲ್ಲಿ ನೀರಿನ ಸಂಶೋಧನೆ ಮಾಡುತ್ತಿದ್ದ ನಂದಿತಾ ಒಂದು ದಿನ ವಠಾರಕ್ಕೆ ಬಂದಳು. ಬೋರಿನ ನೀರನ್ನು ಸೀಸೆಗೆ ಹಿಡಿದು ಏನೋ ಔಷಧಿಯ ಹನಿ ಹಾಕಿದಳು. ನೀರು ನೇರಳೆ ಬಣ್ಣಕ್ಕೆ ತಿರುಗಿತು.

"ಇದು ಕ್ರೋಮಿಯಂ. ವಿಷ. ಕುಡೀಬೇಡಿ, ಸ್ನಾನಾನೂ ಬೇಡ."

"ಮತ್ತೆ ಏನ್ ಮಾಡೋದಮ್ಮಾ?" ಪಕ್ಕದ ಮನೆಯ ಆಬಿದಾ ಕೇಳಿದಳು.

ನಂದಿತಾ ಮಾಲಿನ್ಯ ತಡೆಯುವ ಇಲಾಖೆಗೆ ವರದಿ ಕೊಟ್ಟಳು. ಇಲಾಖೆಯವರು ಸಭೆ ಕರೆದರು.

ಸಭೆಯ ಸುದ್ದಿ ಬಂದ ದಿನ ಜಗದೀಶ ಅಂಜನಮೂರ್ತಿಯನ್ನು ಕರೆದು ಎದುರಿಗೆ ಕೂರಿಸಿಕೊಂಡ.

"ಅಂಜನಿ, ನೀನು ನಮ್ಮನೆಯವನ ಥರ. ಮೀಟಿಂಗಲ್ಲಿ ಎದ್ದು, ಇಷ್ಟು ವರ್ಷ ದುಡಿದಿದೀನಿ, ನಂಗೇನೂ ಆಗಿಲ್ಲ ಅನ್ನು. ಶೆಡ್ ಮುಚ್ಚಿದ್ರೆ ನಿಮ್ಮೆಲ್ಲರ ಗತಿ ಏನು, ಯೋಚ್ನೆ ಮಾಡು."

ಕೆಲಸ ಹೋಗುವ ಹೆದರಿಕೆ ಇತ್ತು. ಆದರೆ ಹೆದರಿದ್ದಕ್ಕಿಂತ ಅಂಜನಮೂರ್ತಿ ಉಬ್ಬಿಹೋಗಿದ್ದೇ ಹೆಚ್ಚು. ಅವನ ಮಾತು ಬೇಕು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಕನ್ನಡಿ ಮುಂದೆ ನಿಂತು, "ನಂಗೇನೂ ಆಗಿಲ್ಲ," ಎಂದು ಅಭ್ಯಾಸ ಮಾಡಿದ.

"ರೀ, ಮೂಗಿಂದ ರಕ್ತ ಇಳೀತೈತೆ," ಎಂದಳು ಶಾಂತಕುಮಾರಿ. "ಒರೆಸ್ಕೊಂಡು ಹೇಳಿ ಆ ಮಾತ್ನ."

ಸಭೆಯಲ್ಲಿ ಅವನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ. ನಂದಿತಾ ಹೇಳಿದ್ದನ್ನೆಲ್ಲ ಅಧಿಕಾರಿ ತಲೆದೂಗುತ್ತ ಕೇಳಿದ.

"ನಿಮ್ಮ ಸೈನ್ಸ್ ಸರಿ ಇದೆ ಮೇಡಂ. ಆದ್ರೆ ನಮ್ಮ ರೂಲ್ ಇರೋದು ಶೆಡ್ಡಿನ ಪೈಪಿಂದ ಹೊರಗೆ ಬರೋ ನೀರಿಗೆ. ಆ ಸ್ಯಾಂಪಲ್ ಮಿತಿಯೊಳಗಿದೆ."

"ನೀವು ಬರೋದು ಗೊತ್ತಾದ್ರೆ ಟ್ಯಾಂಕರ್ ನೀರು ಬೆರೆಸ್ತಾರೆ ಸರ್. ಉಳಿದ ದಿನ ತೊಟ್ಟಿ ನೀರನ್ನ ಶೆಡ್ ಹಿಂದಿನ ಗುಂಡಿಗೆ ಬಿಡ್ತಾರೆ. ಅಲ್ಲೇ ಇಂಗುತ್ತೆ."

"ಅಲ್ಲಿಂದಾನೇ ಬಂತು ಅಂತ ಸಾಬೀತಾಗ್ಬೇಕಲ್ಲ? ನೆಲದಡಿ ನೀರು ಬೇರೆ ಇಲಾಖೆ. ಕೆಲಸಗಾರರ ಆರೋಗ್ಯ ಇನ್ನೊಂದು ಇಲಾಖೆ."

ತನ್ನ ಎಡ ಹೊಳ್ಳೆ ಒಂದು ಇಲಾಖೆಗೂ ಬಲ ಹೊಳ್ಳೆ ಇನ್ನೊಂದಕ್ಕೂ ಸೇರಿರಬೇಕು, ನಡುವಿನ ಗೋಡೆ ಯಾರಿಗೂ ಬೇಡವಾಗಿ ಬಿದ್ದುಹೋಗಿರಬೇಕು ಎಂದುಕೊಂಡ ಅಂಜನಮೂರ್ತಿ. ಅಷ್ಟರಲ್ಲಿ ಅವನ ಹೆಸರು ಕೂಗಿದರು. ಎದ್ದು, ಒಂದಕ್ಷರ ತಪ್ಪದೆ ಒಪ್ಪಿಸಿದ. ಜಗದೀಶನ ಕಡೆಯವರು ಚಪ್ಪಾಳೆ ತಟ್ಟಿದರು. ಮದುಮಗನಂತೆ ನಾಚಿಕೊಂಡು ಕುಳಿತ. ಹಿಂತಿರುಗಿ ನೋಡಿದರೆ, ಶಾಂತಕುಮಾರಿ ಸೆರಗಿನಲ್ಲಿ ಕೈ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು.

ಕೆಲವು ದಿನಗಳಲ್ಲಿ ಆದೇಶ ಬಂತು. ನಂದಿತಾಳೇ ವಠಾರಕ್ಕೆ ಬಂದು ಓದಿ ಹೇಳಿದಳು. ನೀರು ಕುಡಿಯಲು ಯೋಗ್ಯವಲ್ಲದ್ದರಿಂದ ಬೋರ್‌ವೆಲ್ಲಿಗೆ ಬೀಗ. ಖಚಿತ ಪುರಾವೆ ಇಲ್ಲದ್ದರಿಂದ, ಹಳೆಯ ಕೆಲಸಗಾರನೇ ತಾನು ಆರೋಗ್ಯವಾಗಿದ್ದೇನೆ ಎಂದು ಹೇಳಿದ್ದರಿಂದ, ಹೆಚ್ಚಿನ ಅಧ್ಯಯನ ಮುಗಿಯುವವರೆಗೆ ಶೆಡ್ಡು ನಡೆಯಬಹುದು.

"ನಿಮ್ಮ ಹೆಸರೂ ಹಾಕಿದಾರೆ," ಎಂದಳು.

"ಕಾಗುಣಿತ ಸರಿಯಾಗಿ ಬರ್ದವ್ರಾ ಮೇಡಂ?" ಎಂದ ಅಂಜನಮೂರ್ತಿ.

ಯಾರೂ ನಗಲಿಲ್ಲ. ಅವನಿಗೂ ನಗು ಬರಲಿಲ್ಲ.

ಇಲಾಖೆಯವರು ಬೋರಿನ ಮೋಟಾರು ಕಿತ್ತುಕೊಂಡು ಹೋದ ಮರುದಿನ ಬೆಳಿಗ್ಗೆ, ಎಂದಿನಂತೆ ಶೆಡ್ಡಿಗೆ ಒಳ್ಳೆ ನೀರಿನ ಟ್ಯಾಂಕರ್ ಬಂತು. ಶಾಂತಕುಮಾರಿ, ಆಬಿದಾ, ವಠಾರದ ಹೆಂಗಸರೆಲ್ಲ ಗಲ್ಲಿಗೆ ಅಡ್ಡಲಾಗಿ ಕೊಡಗಳನ್ನು ಸಾಲಿಟ್ಟು ನಿಂತಿದ್ದರು. ಡ್ರೈವರ್ ಹಾರನ್ ಬಾರಿಸಿದ. ಕೆಲಸಕ್ಕೆ ಬರುತ್ತಿದ್ದ ಅಂಜನಮೂರ್ತಿ ನಡುವೆ ಸಿಕ್ಕಿಬಿದ್ದ.

"ಅಂಜನಿ, ಆ ಕೊಡ ಎಲ್ಲಾ ತೆಗಿಯೋ!" ಜಗದೀಶ ಗೇಟಿನಿಂದ ಕೂಗಿದ.

ಅಂಜನಮೂರ್ತಿ ಬಗ್ಗಿ ಹೆಂಡತಿಯ ಕೊಡ ಎತ್ತಿಕೊಂಡ. ಟ್ಯಾಂಕರಿನ ಹಿಂದಕ್ಕೆ ಹೋಗಿ ಪೈಪಿನ ಕೆಳಗಿಟ್ಟು ವಾಲ್ವ್ ತಿರುಗಿಸಿದ.

"ಏಯ್! ನಂಗೇನೂ ಆಗಿಲ್ಲ ಅಂತ ನೀನೇ ಹೇಳಿದ್ಯಲ್ಲೋ!"

"ಹೇಳ್ದೆ ಸಾರ್. ಎಷ್ಟ್ ಚೆನ್ನಾಗ್ ಹೇಳ್ದೆ! ನನ್ನಂಥ ಪೆದ್ದ ನಿಮ್ಗೆ ಇಡೀ ಪುರದಲ್ಲಿ ಇನ್ನೊಬ್ಬ ಸಿಗಲ್ಲ. ಆಫೀಸರನ್ನ ಕರೀರಿ, ಈ ಸಲ ನಿಜ ಹೇಳ್ತೀನಿ. ಚಪ್ಪಾಳೆ ಬೀಳ್ದಿದ್ರೂ ಪರ್ವಾಗಿಲ್ಲ."

ಶೆಡ್ಡಿನೊಳಗಿದ್ದ ಕೆಲಸಗಾರರು ಕೈ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಹೊರಗೆ ಬಂದು ಹೆಂಗಸರ ಹಿಂದೆ ನಿಂತರು. ಜಗದೀಶ ಯಾರಿಗೋ ಫೋನ್ ಮಾಡತೊಡಗಿದ. ಕೊಡ ತುಂಬಿತು. ಆಬಿದಾ ತನ್ನದನ್ನು ಮುಂದಿಟ್ಟಳು.