ಮಗ್ಗಗಳು ನಿಂತ ದಿನ ನಾನು ಕೇಳಿದ್ದು

ನಾನು ಒಂದು ಮೈಕು. ವೇದಿಕೆಯ ಮೇಲೆ ನಿಂತು ಭಾಷಣ ಕೇಳಿಸಿಕೊಳ್ಳುವ ಜಾತಿಯದಲ್ಲ. ಸಿನಿಮಾದವರು ಉದ್ದನೆಯ ಕೋಲಿನ ತುದಿಗೆ ಕಟ್ಟಿ, ಮಾತಾಡುವವರ ತಲೆಯ ಮೇಲೆ ಹಿಡಿಯುತ್ತಾರಲ್ಲ, ಆ ಜಾತಿ. ಮೊಳದುದ್ದವೂ ಇಲ್ಲದ ಕಪ್ಪು ಕೊಳವೆ. ಒಳಗೆ ಈರುಳ್ಳಿಯ ಪೊರೆಗಿಂತ ತೆಳುವಾದ ಒಂದು ಪೊರೆ. ಅದೇ ನನ್ನ ಕಿವಿ, ಅದೇ ನನ್ನ ಜೀವ.

ಹುಟ್ಟಿದ್ದು ದೂರದ ಚಳಿದೇಶದ ಕಾರ್ಖಾನೆಯೊಂದರಲ್ಲಿ. ಬಿಳಿ ಕೋಟಿನ ಹೆಂಗಸೊಬ್ಬಳು ನನ್ನನ್ನು ಸದ್ದೇ ಇಲ್ಲದ ಕೋಣೆಯಲ್ಲಿಟ್ಟು ಚಿಟಿಕೆ ಹೊಡೆದಳು. ಲೋಕದಲ್ಲಿ ನಾನು ಕೇಳಿದ ಮೊದಲ ಸದ್ದು ಅದು. ನನ್ನ ಪೊರೆ ನಡುಗಿತು, ಅವಳು ನಕ್ಕಳು, ನಾನು ಪಾಸಾದೆ.

ಅಲ್ಲಿಂದ ಆಫ್ರಿಕದ ಜಾಂಬಿಯಾ ದೇಶಕ್ಕೆ ಹೋದೆ. ಲುಸಾಕಾ ನಗರದ ಒಂದು ರೇಡಿಯೊ ಕೇಂದ್ರದಲ್ಲಿ ಬಹಳ ವರ್ಷ ದುಡಿದೆ. ಮಂತ್ರಿಗಳ ಮಾತು, ಚರ್ಚಿನ ಹಾಡು, ಸಂತೆಯ ಗಲಾಟೆ, ಎಲ್ಲವೂ ನನ್ನೊಳಗೆ ಹಾದುಹೋದವು. ಕೊನೆಗೆ ಹೊಸ ಮೈಕುಗಳು ಬಂದಾಗ ನಮ್ಮನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಮಾರಿದರು. ಅದೇ ಕೇಂದ್ರದಲ್ಲಿ ಧ್ವನಿ ವಿಭಾಗದಲ್ಲಿದ್ದ ಸಾಲೋಮಿ ಎಂಬಾಕೆ ನನ್ನನ್ನು ಹುಡುಕಿ ತೆಗೆದು, ಸೆರಗಿನಂತಿದ್ದ ತನ್ನ ಶಾಲಿನಿಂದ ಒರೆಸಿ ಮನೆಗೆ ಕರೆದೊಯ್ದಳು.

ಆ ಮನೆಯಲ್ಲಿ ನಾನು ಮೊದಲ ಬಾರಿಗೆ ಕನ್ನಡ ಕೇಳಿದೆ.

ಸಾಲೋಮಿಯ ತಾಯಿ ಜೀವರತ್ನ ಗದಗಿನ ಪಕ್ಕದ ಬೆಟಗೇರಿಯವರು. ನರ್ಸ್ ಕೆಲಸ ಕಲಿತು, ಮದುವೆಯಾಗಿ, ಗಂಡನ ಜೊತೆ ಲುಸಾಕಾಗೆ ಬಂದವರು. ಮತ್ತೆ ಊರಿಗೆ ಹೋಗಿರಲಿಲ್ಲ. ಒಲೆಯ ಮುಂದೆ ನಿಂತು ಮೆಕ್ಕೆಜೋಳದ ಹಿಟ್ಟು ತಿರುವುತ್ತ ಕನ್ನಡದ ಕೀರ್ತನೆ ಹಾಡುತ್ತಿದ್ದರು. ಹಿಟ್ಟು ಗಂಟುಕಟ್ಟಿದರೆ ಅದನ್ನು ಕನ್ನಡದಲ್ಲೇ ಬೈಯುತ್ತಿದ್ದರು.

ಒಂದು ದಿನ ಸಾಲೋಮಿ ಹೇಳಿದಳು: “ಅವ್ವಾ, ಊರಿಗೆ ತಿರುಗಿ ಹೋಗೂ ನರ್ಸಿನ ಮ್ಯಾಲೆ ಸಿನಿಮಾ ತಗೀತೀನಿ. ಬೆಟಗೇರಿಯೊಳಗ. ನರ್ಸ್ ನೀನ ಆಗಬೇಕು.”

ಸೌಟಿನ ಸದ್ದು ನಿಂತಿತು. “ನಾ ಒಲ್ಲೆ. ನಿಮ್ಮ ಚಿಗವ್ವ ನನ್ನ ಕಂಡ್ರ ಬಾಗಲಾ ಹಾಕ್ಕೋತಾಳ.”

ಚಿಗವ್ವ ಎಂದರೆ ಜೀವರತ್ನರ ತಂಗಿ ಸುಗಂಧಿ. ಅವರೂ ನರ್ಸ್ ಕೆಲಸ ಕಲಿತವರು. ಹೊರಡುವಾಗ ಅಕ್ಕ ತಂಗಿಯ ಕೈ ಹಿಡಿದು, “ವರ್ಷದಾಗ ನಿನ್ನೂ ಕರಸ್ಕೋತೀನಿ” ಎಂದಿದ್ದರಂತೆ. ಕರೆಸಿಕೊಳ್ಳಲೇ ಇಲ್ಲ. ತಂಗಿ ಮಾತು ಬಿಟ್ಟರು.

ಆದರೂ ಸಾಲೋಮಿ ಬಿಡಲಿಲ್ಲ. ಮಗಳ ಹಟ ತಾಯಿಗೆ ಗೊತ್ತಿತ್ತು. ಮುಂದಿನ ಬೇಸಿಗೆಗೆ ನಾವು ಬೆಟಗೇರಿಯಲ್ಲಿದ್ದೆವು.

ಅಲ್ಲಿ ನನ್ನ ಕೋಲು ಹಿಡಿದವರು ಇರ್ಫಾನ್ ನದಾಫ್. ಗದಗಿನಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದವರು. ಗಾಳಿಯ ಸದ್ದು ತಡೆಯಲು ನನಗೊಂದು ಕೂದಲಿನ ಅಂಗಿ ತೊಡಿಸಿದ್ದರು. ಓಣಿಯ ಮಕ್ಕಳು, “ಕೋಲಿಗೆ ಬೆಕ್ಕು ಕಟ್ಯಾರಲೇ!” ಎಂದು ಹಿಂದೆ ಬಿದ್ದರು.

ನನಗಿಂತ ದೊಡ್ಡ ತಮಾಷೆಯಾದದ್ದು ಸಾಲೋಮಿಯ ಮಾತು. ಅವಳ ಕನ್ನಡವೆಲ್ಲ ತಾಯಿಯಿಂದ ಕಲಿತದ್ದು. ತಾಯಿಯ ಕನ್ನಡ ಊರು ಬಿಟ್ಟ ದಿನಕ್ಕೇ ನಿಂತುಬಿಟ್ಟಿತ್ತು. ಬಸ್ಸಿಗೆ ‘ಮೋಟಾರ’ ಅನ್ನುತ್ತಿದ್ದಳು, ಸೀಮೆಎಣ್ಣೆಗೆ ‘ಚಿಮಣಿ ಎಣ್ಣಿ’. ಕಾಲೇಜು ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಮುದುಕಿಯರು ನಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಒಬ್ಬಾಕೆ ಅವಳ ಗದ್ದ ಹಿಡಿದು, “ಯವ್ವಾ, ಇನ್ನೊಂದೀಟು ಮಾತಾಡು. ನಮ್ಮವ್ವ ಮಾತಾಡಿಧಂಗ ಆಕ್ಕೈತಿ” ಎಂದರು. ಆ ದನಿ ನಡುಗಿದ್ದನ್ನು ನಾನು ಹಿಡಿದಿಟ್ಟುಕೊಂಡೆ.

ಸುಗಂಧಿಯವರ ಮನೆ ಅದೇ ಓಣಿಯಲ್ಲಿತ್ತು. ಜೀವರತ್ನ ಹೋಗಿ ಬಾಗಿಲು ಬಡಿದರು. ಒಳಗೆ ಬಳೆಯ ಸದ್ದಾಯಿತು. ಅಗುಳಿ ತೆಗೆದ ಸದ್ದಾಗಲಿಲ್ಲ. ಹಾಗಾಗಿ ಸಿನಿಮಾದಲ್ಲಿ ತಂಗಿಯ ಪಾತ್ರಕ್ಕೆ ನಾಟಕ ಕಂಪನಿಯಲ್ಲಿ ಪಳಗಿದ್ದ ಶಾಂತಾಬಾಯಿ ಬಂದರು. ಎದುರಿನ ಮನೆಯನ್ನೇ ತಂಗಿಯ ಮನೆ ಮಾಡಿಕೊಂಡು ಅಕ್ಕತಂಗಿಯರು ಭೇಟಿಯಾಗುವ ದೃಶ್ಯ ಶುರುವಾಯಿತು.

ಶಾಂತಾಬಾಯಿ ಬಾಗಿಲು ತೆರೆದರು, ಎದೆಗೆ ಕೈಯಿಟ್ಟರು, ಗೋಳೋ ಎಂದು ಅತ್ತರು. “ಅಕ್ಕಾ! ನಿನ್ನನ್ನು ಕ್ಷಮಿಸಿದ್ದೇನೆ!”

ಆಗ ನನ್ನ ಹಿಂದೆ ಅಗುಳಿ ತೆಗೆದ ಸದ್ದು ಕೇಳಿಸಿತು. ಚಪ್ಪಲಿಯೂ ಇಲ್ಲದ ಬರಿಗಾಲು ದಬದಬ ಬಂದು ಕ್ಯಾಮೆರಾದ ಮುಂದೆಯೇ ನಿಂತವು.

“ಯಾರ್ ಹಿಂಗ ಅತ್ತವರು? ನಾ ಅತ್ತಿಲ್ಲ! ಯಾರಿಗೂ ಕ್ಷಮಾನೂ ಮಾಡಿಲ್ಲ!”

ಸುಗಂಧಿ! ಶಾಂತಾಬಾಯಿ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದರು. “ಬರ್ರಿ ಬಾಯಾರ. ನಿಮ್ಮ ಪಾರ್ಟು ನೀವ ಮಾಡ್ರಿ. ನನಗೂ ಇದು ಬಾಯಿಗೆ ಹತ್ತವಲ್ದಾಗಿತ್ತು.”

ಸುಗಂಧಿ ಸಾಲೋಮಿಯನ್ನು ನೋಡಿದರು. “ನೀ ಬರದದ್ದು ಹೇಳೂದಿಲ್ಲ ಮತ್ತ.”

“ಬ್ಯಾಡ ಚಿಗವ್ವಾ. ನಿನಗ ಏನ್ ಬರತೈತಿ ಅದನ್ನ ಹೇಳು.”

ಆದರೆ ಅಷ್ಟರಲ್ಲಿ ಬೆಳಗಿನಿಂದ ಹೋಗಿದ್ದ ಕರೆಂಟು ಬಂತು, ಆ ನೇಕಾರರ ಓಣಿಯ ವಿದ್ಯುತ್ ಮಗ್ಗಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಆ ಸದ್ದಿನಲ್ಲಿ ನನಗೆ ಒಂದು ಅಕ್ಷರವೂ ಸಿಗುವಂತಿರಲಿಲ್ಲ. “ಈಗ ಆಗೂದಿಲ್ಲ ಮೇಡಂ, ನಾಳೆ ನೋಡೂಣು” ಎಂದರು ಇರ್ಫಾನ್. ನಾಳೆ ಸುಗಂಧಿ ಹೊರಗೆ ಬರುತ್ತಾರೆಂಬ ಭರವಸೆ ಯಾರಿಗಿತ್ತು?

ಕಟ್ಟೆಯ ಮೇಲಿದ್ದ ಆ ಮುದುಕಿ ಎದ್ದರು. ಸೆರಗು ಸಿಕ್ಕಿಸಿಕೊಂಡು ಮೊದಲ ಮನೆಯ ಬಾಗಿಲಿಗೆ ಹೋಗಿ ಕೂಗಿದರು: “ಏ ತಮ್ಮಾ, ಬಂದ್ ಮಾಡೋ! ಅಕ್ಕಾ ತಂಗಿ ಮಾತಾಡಾಕತ್ತಾರ!” ಒಂದು ಮಗ್ಗ ನಿಂತಿತು. ಆಮೇಲೆ ಪಕ್ಕದ್ದು. ಸುದ್ದಿ ಮನೆಯಿಂದ ಮನೆಗೆ ಓಡಿತು. ಒಂದೊಂದೇ ಸದ್ದು ಕಳಚಿಕೊಂಡು, ಕೊನೆಗೆ ಇಡೀ ಓಣಿಯಲ್ಲಿ ಒಂದು ಗುಬ್ಬಿಯ ಚಿಲಿಪಿಲಿ ಮಾತ್ರ ಉಳಿಯಿತು. ದುಡಿಯುವ ಜನ ಹಾಡುಹಗಲಲ್ಲಿ ತಮ್ಮ ಕೆಲಸ ನಿಲ್ಲಿಸಿ ನನಗೆ ಆ ಮೌನವನ್ನು ಕೊಟ್ಟಿದ್ದರು. ಇರ್ಫಾನರ ಕೈಯಲ್ಲಿ ಕೋಲು ಅಲುಗಲಿಲ್ಲ.

ಸುಗಂಧಿ ತಮ್ಮದೇ ಮನೆಯೊಳಗೆ ಹೋಗಿ ಅಗುಳಿ ಹಾಕಿಕೊಂಡರು, ಕ್ಯಾಮೆರಾ ಅತ್ತ ತಿರುಗಿತು. ಜೀವರತ್ನ ಬಾಗಿಲು ಬಡಿದರು. ಸುಗಂಧಿ ತೆರೆದರು.

“ಯಾಕ ಬಂದಿ?”

“ನಿನ್ನ ನೋಡಾಕ.”

“ನನ್ನ ಟ್ರಂಕು ತಯಾರ ಮಾಡಿಟ್ಕೊಂಡು ಕುಂತಿದ್ದೆ, ಅಕ್ಕಾ. ಮೋಟಾರ ಬಂದಾಗೊಮ್ಮೆ ಹೊರಗ ಬರ್ತಿದ್ದೆ. ನೀ ಅಲ್ಲಿ ರಾಣಿಹಂಗ ಇದ್ದಿ. ಊರಿಗೆ ಬಂದವರ ಕಡೆ ಎಲ್ಲಾ ಛೊಲೋ ಐತಿ ಅಂತ ಹೇಳಿಕಳಸ್ತಿದ್ದಿ.”

ಜೀವರತ್ನ ಮಗಳೂ ಎಂದೂ ಕೇಳದ ದನಿಯಲ್ಲಿ ಹೇಳಿದರು: “ನಾ ಅಲ್ಲಿಗೆ ಹೋದ ವರ್ಷನ ನಮ್ಮ ಮನಿಯವರು ತೀರಿಕೊಂಡ್ರವ್ವಾ. ಕೂಸಿನ್ನ ಕಟಗೊಂಡು ದವಾಖಾನಿ ಸಾಮಾನಿನ ಖೋಲ್ಯಾಗ ಮಲಗ್ತಿದ್ದೆ. ನಿನ್ನ ಎಲ್ಲಿ ಕರೀಲಿ? ಎಲ್ಲಿ ಮಲಗಸ್ಲಿ? ಅವ್ವಗ ಗೊತ್ತಾದ್ರ ಎದಿ ಒಡಕೋತಾಳಂತ ಛೊಲೋ ಐತಿ ಅಂದೆ.”

“ಹುಚ್ಚಿ!” ಸುಗಂಧಿ ಹೊಸ್ತಿಲು ದಾಟಿ ಬಂದರು. “ಒಂದ್ ಮಾತ್ ಹೇಳಿದ್ರ ಆ ಖೋಲ್ಯಾಗ ನಾನೂ ಮಲಗ್ತಿದ್ನಲ್ಲಾ. ಕೂಸಿನ್ನ ನಾ ಹಿಡೀತಿದ್ನಲ್ಲಾ.”

ಆಮೇಲೆ ಬಟ್ಟೆಗೆ ಬಟ್ಟೆ ಉಜ್ಜಿದ ಸದ್ದು, ಬಳೆಗೆ ಬಳೆ ತಾಗಿದ ಸದ್ದು. “ಒಳಗ ಬಾ. ಕಾಲ್ ತೊಕ್ಕೋ” ಎಂದರು ಸುಗಂಧಿ. ಸಾಲೋಮಿ ‘ಕಟ್’ ಎನ್ನಲೇ ಇಲ್ಲ. ಅವಳು ಅಳುತ್ತಿದ್ದಳು.

ಸಿನಿಮಾ ಮುಗಿದ ಮೇಲೆ ಬೆಂಗಳೂರಿನ ಹಂಚಿಕೆದಾರರೊಬ್ಬರು ನೋಡಿದರು. “ಚಿತ್ರ ಚೆನ್ನಾಗಿದೆ ಮೇಡಂ. ಆದರೆ ಈ ಮಾತು ಜನಕ್ಕೆ ಅರ್ಥ ಆಗಲ್ಲ. ಒಳ್ಳೆ ಕನ್ನಡದಲ್ಲಿ ಡಬ್ ಮಾಡಿಸಿ, ನಾನು ಥಿಯೇಟರ್ ಕೊಡಿಸ್ತೀನಿ.”

ಹಾಗೆ ಮಾಡಿದರೆ ನಾನು ಹಿಡಿದದ್ದೆಲ್ಲ ಅಳಿಸಿಹೋಗುತ್ತಿತ್ತು.

ಸಾಲೋಮಿ ಎದ್ದು ನಿಂತಳು. “ಇದು ನಮ್ಮವ್ವನ ದನಿರೀ. ಇದರ ಮ್ಯಾಲೆ ಬ್ಯಾರೇವರ ದನಿ ಹಾಕೂದಿಲ್ಲ.”

ಥಿಯೇಟರು ಸಿಗಲಿಲ್ಲ. ಇರ್ಫಾನ್ ಬೆಟಗೇರಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಪರದೆ ಕಟ್ಟಿದರು. ಜನ ಒಳಗೆ ಹಿಡಿಸದೆ ಕಿಟಕಿಗಳಲ್ಲಿ ನಿಂತರು. ಬಾಗಿಲು ತೆರೆಯುವ ದೃಶ್ಯ ಬಂದಾಗ ಮಗ್ಗ ನಿಲ್ಲಿಸಿದವರೆಲ್ಲ ಉಸಿರು ಬಿಗಿಹಿಡಿದರು. ಮುಗಿದಾಗ ಎದ್ದ ಚಪ್ಪಾಳೆಗೆ ತಗಡಿನ ಮಾಡು ಅದುರಿತು. ಹುಬ್ಬಳ್ಳಿಯವರು ಕರೆದರು, ವಿಜಯಪುರದವರು ಕರೆದರು. ಆಮೇಲೆ ಒಂದು ದೊಡ್ಡ ಚಿತ್ರೋತ್ಸವ ಕರೆದು, ಅತ್ಯುತ್ತಮ ಚಿತ್ರದ ಬಹುಮಾನ ಕೊಟ್ಟಿತು. ಧ್ವನಿಗೂ ಒಂದು ಬಹುಮಾನ ಬಂತು. ಅದನ್ನು ಪಡೆಯಲು ಇರ್ಫಾನ್ ವೇದಿಕೆ ಹತ್ತಿದಾಗ ಅವರ ಕೈಯಲ್ಲಿ ನಾನಿದ್ದೆ, ಆ ಬೆಕ್ಕಿನ ಅಂಗಿಯಲ್ಲೇ. ಮುಂದಿನ ವಾರ ಅದೇ ಹಂಚಿಕೆದಾರರು ಫೋನು ಮಾಡಿದರು: “ಮೇಡಂ, ಹಾಗೇ ಇರಲಿ. ಒಂದಕ್ಷರ ಬದಲಾಯಿಸಬೇಡಿ.”

ಲುಸಾಕಾದಲ್ಲೂ ಸಿನಿಮಾ ತೋರಿಸಿದರು. ಸುಗಂಧಿ ವಿಮಾನ ಹತ್ತಿ ಹೋದರು. ಮಳೆಗಾಲವೊಂದು ಪೂರ್ತಿ ಅಕ್ಕನ ಮನೆಯಲ್ಲಿದ್ದು, ಅಕ್ಕನನ್ನೂ ಕರೆದುಕೊಂಡು ತಿರುಗಿ ಬಂದರು. ಈಗ ಇಬ್ಬರೂ ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ಅಲ್ಲಿ.

ನನಗೆ ವಯಸ್ಸಾಗಿದೆ. ಪೊರೆ ಸಡಿಲಾಗಿ ಸುಮ್ಮನಿದ್ದಾಗಲೂ ಒಳಗೆ ಸಣ್ಣಗೆ ‘ಸ್ಸ್’ ಎನ್ನುತ್ತದೆ. ಸಾಲೋಮಿ ನನ್ನನ್ನು ಇರ್ಫಾನರಿಗೆ ಕೊಟ್ಟು ಹೋದಳು. ಅವರ ಸ್ಟುಡಿಯೊದ ಗಾಜಿನ ಕಪಾಟಿನಲ್ಲಿ ನನ್ನ ಜಾಗ. ನನ್ನಿಂದ ಯಾರೂ ಕೆಲಸ ಕೇಳುವುದಿಲ್ಲ. ಆದರೂ ಕೇಳಿಸಿಕೊಳ್ಳುವ ಚಟ ಬಿಟ್ಟಿಲ್ಲ. ಮನುಷ್ಯರು ಊರು ಬಿಡುವಾಗ ಮನೆ ಹೊತ್ತುಕೊಂಡು ಹೋಗಲಾರರು, ಮಾತು ಹೊತ್ತುಕೊಂಡು ಹೋಗುತ್ತಾರೆ. ಅದನ್ನು ಕೇಳಿ ಗುರುತು ಹಿಡಿಯುವ ಒಂದು ಕಿವಿ ಸಿಕ್ಕರೆ ಸಾಕು, ಅವರು ಮನೆಗೆ ಬಂದ ಹಾಗೆಯೇ. ಆ ಒಂದು ದಿನ ನಾನು ಆ ಕಿವಿಯಾಗಿದ್ದೆ.

ನಿನ್ನೆ ಸುಗಂಧಿ ಸ್ಟುಡಿಯೊಗೆ ಬಂದಿದ್ದರು. ಬಾಗಿಲಲ್ಲೇ ನಿಂತು, “ಮುಲಿ ಬ್ವಾಂಜಿ, ಇರ್ಫಾನಾ!” ಎಂದು ಕೂಗಿದರು.

“ಏನಂದ್ರಿ ಚಿಗವ್ವಾರ?”

“ಆರಾಮ ಇದ್ದೀ ಏನಂತ ಲುಸಾಕಾ ಮಾತಿನ್ಯಾಗ ಕೇಳಿದ್ನೋ. ಕಲ್ಕೋ, ಮುಂದಿನ ಸಿನಿಮಾ ಅಲ್ಲೇ ತಗೀತಾಳಂತ ನಮ್ಮ ಸಾಲೋಮಿ. ಹೀರೋಯಿನ್ ನಾನ!”