ಹನ್ನೆರಡನೆಯ ಪಾಠ

ನಾನು ಒಂದು ಸರ್ವರ್ ಕಂಪ್ಯೂಟರ್. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ, ಬೆನ್ನಿನ ಚೀಟಿ ಅಳಿಸಿಹೋಗಿದೆ. ಮೊದಲ ಆರು ವರ್ಷ ಒಂದು ಕಾಲೇಜಿನಲ್ಲಿ ದುಡಿದೆ. ಸಾಕೆನಿಸಿದಾಗ ಕಾಲೇಜಿನವರು ಗದಗ ಸೀಮೆಯ ಒಂದು ಅಂಧಮಕ್ಕಳ ಶಾಲೆಗೆ ನನ್ನನ್ನು ದಾನ ಕೊಟ್ಟು ಫೋಟೊ ತೆಗೆಸಿಕೊಂಡರು. ಅವರ ಮುಖದಲ್ಲಿದ್ದ ಪುಣ್ಯದ ಕಳೆ ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ಕೆಲಸ ಮಾತ್ರ ಒಳ್ಳೆಯದು ಸಿಕ್ಕಿತು. ಇತಿಹಾಸದ ಟೀಚರ್ ಚಾಂದಬಿ ತಾವೇ ಟೈಪ್ ಮಾಡಿದ ಪಾಠದ ಟಿಪ್ಪಣಿಗಳನ್ನು ನನ್ನೊಳಗಿನ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮು ಬ್ರೈಲ್ ಚುಕ್ಕಿಗಳಾಗಿಸಿ ಮುದ್ರಣಕ್ಕೆ ಕೊಡುತ್ತಿತ್ತು. ಚಾಂದಬಿಯವರಿಗೂ ಕಣ್ಣಿಲ್ಲ. ಹಾಳೆಯ ಮೇಲೆ ಬೆರಳಾಡಿಸಿ, "ಛಲೋ ಬಂದೈತಿ" ಎನ್ನುತ್ತಿದ್ದರು.

ಹೇಸಿಗೆ ಶುರುವಾದದ್ದು ನನ್ನನ್ನು ನೋಡಿಕೊಳ್ಳಲು ಕೊಟ್ರೇಶ ಬಂದ ಮೇಲೆ. ವಿಡಿಯೊದಲ್ಲಿ ಕಂಡ ಮಾಡ್ಯೂಲುಗಳೆಂಬ ತುಂಡು ಪ್ರೋಗ್ರಾಮುಗಳನ್ನೆಲ್ಲ ಈ ಮಹಾಶಯ ನನ್ನೊಳಗೆ ತುರುಕಿದ. ಒಂದಕ್ಕೆ ಪೈಥಾನಿನ ಹಳೆಯ ಆವೃತ್ತಿ ಬೇಕು, ಇನ್ನೊಂದಕ್ಕೆ ಹೊಸದು. ಬೇರೆ ಬೇರೆ ಜಾಗದಲ್ಲಿಡುವಷ್ಟು ಶಿಸ್ತೂ ಇಲ್ಲ. ಛೀ! ತೊಳೆಯದ ಎಂಜಲು ತಟ್ಟೆಗಳನ್ನು ಪೇರಿಸಿಟ್ಟ ಹಾಗಾಯಿತು ನನ್ನ ಹೊಟ್ಟೆ.

ಹತ್ತನೆಯ ತರಗತಿಯ ಪರೀಕ್ಷೆಗೆ ಮೂರು ದಿನವಿತ್ತು. ಹನ್ನೊಂದು ಪಾಠ ಅಚ್ಚಾಗಿದ್ದವು, ಹನ್ನೆರಡನೆಯದು ಟೈಪಾಗಿ ನನ್ನೊಳಗಿತ್ತು, ಅಚ್ಚಷ್ಟೇ ಬಾಕಿ. ಶಂಕ್ರವ್ವ ಎಂಬ ಹುಡುಗಿ ಅದಕ್ಕಾಗಿ ದಿನಾ ಬಂದು ಕೇಳುತ್ತಿದ್ದಳು. ಫೇಲಾದರೆ ಓದು ಬಿಡಿಸುತ್ತೇನೆಂದು ಅವಳ ಅಪ್ಪ ಹೇಳಿದ್ದ.

ಅಂದು ಕೊಟ್ರೇಶ ಚಾಂದಬಿಯವರಿಗೆ, "ಎರಡೆರಡು ಪೈಥಾನ್ ಯಾಕ್ರಿ, ಹಳೇದ ತಗದ ಬಿಡ್ತೀನಿ" ಎಂದ. ಅಯ್ಯೋ ಪುಣ್ಯಾತ್ಮ, ನಾನು ನಿಂತಿರುವುದೇ ಆ ಹಳೆಯದರ ಮೇಲೆ! ಅದನ್ನು ನಂಬಿಕೊಂಡ ಇನ್ನೂರ ಹದಿನಾಲ್ಕು ಪ್ರೋಗ್ರಾಮುಗಳೂ ಹೋಗುತ್ತವೆ, ಒಪ್ಪಿಗೆಯೇ ಎಂದು ಪರದೆಯ ಮೇಲೆ ಸ್ಪಷ್ಟವಾಗಿ ಕೇಳಿದೆ. ಓದಲಿಲ್ಲ. ಆ ಕೋಣೆಯಲ್ಲಿ ಕಣ್ಣಿದ್ದವನು ಅವನೊಬ್ಬನೇ, ಅವನೇ ಓದಲಿಲ್ಲ. ಹೌದು ಎಂದು ಒತ್ತಿ ಚಹಾ ಕುಡಿಯಲು ಹೋದ. ಥೂ!

ನಾನು ಮತ್ತೆ ಏಳಲಿಲ್ಲ. "ಮಷೀನ ಮುದಿ ಆಗೇತ್ರಿ ಟೀಚರ್, ನಾ ಏನ್ ಮಾಡ್ಲಿ?" ಎಂದು ನಾಚಿಕೆಯಿಲ್ಲದೆ ನನ್ನ ಮೇಲೆ ಹಾಕಿದ. ಚಾಂದಬಿ ನೆನಪಿನಿಂದಲೇ ಬ್ರೈಲ್ ಬರೆಯುವ ಕೈಮೊಳೆಯಿಂದ ಹಾಳೆಗೆ ಚುಕ್ಕಿ ಚುಚ್ಚತೊಡಗಿದರು. ಒಂಬತ್ತು ಮಕ್ಕಳಿಗೆ ಅರ್ಧ ಪಾಠವಾಗುವಷ್ಟರಲ್ಲಿ ಪರೀಕ್ಷೆ ಬಂತು. ದೊಡ್ಡ ಪ್ರಶ್ನೆ ಉಳಿದರ್ಧದಿಂದ ಬಂದಿತ್ತು. ಶಂಕ್ರವ್ವ ಮೂರು ಅಂಕದಿಂದ ಫೇಲಾದಳು.

ಈಗ ನಾನು ಮುರಿದ ಬೆಂಚುಗಳ ಕೋಣೆಯಲ್ಲಿದ್ದೇನೆ. ಊರಿಗೆ ಹೊರಟ ದಿನ ಶಂಕ್ರವ್ವ ಟೀಚರ್ ಕೈ ಹಿಡಿದು ಇಲ್ಲಿಗೆ ಬಂದಳು. ನನ್ನ ಧೂಳು ಹಿಡಿದ ಮೈ ಸವರಿ ಕೇಳಿದಳು:

"ಟೀಚರ್, ಆ ಪಾಠ ಇನ್ನೂ ಇದರೊಳಗ ಐತೇನ್ರಿ?"

ಚಾಂದಬಿ, "ಕೊಟ್ರೇಶ ಎಲ್ಲಾ ಹೋತು ಅಂದಾನವಾ" ಎಂದರು.

ಸುಳ್ಳು, ಮಗಳೇ. ಹೋದದ್ದು ಪ್ರೋಗ್ರಾಮುಗಳು; ನನ್ನ ಡಿಸ್ಕಿನಲ್ಲಿ ಪಾಠದ ಒಂದಕ್ಷರವೂ ಅಳಿದಿಲ್ಲ. ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ ಅವನು ತೆಗೆದು ನೋಡಲೇ ಇಲ್ಲ.