ಸೂರಿಲ್ಲದ ಕಾರು

"ಕೈ ತೊಳ್ಕೊಂಡು ಬೇಗ ಬಾರೆ!" ಎಂದು ಎರ್ಮೆಸ್ ಗೇಟಿನಾಚೆಯಿಂದ ಕೂಗಿದಾಗ ಲೊರೆಟ್ಟಾ ಹಿಟ್ಟು ಲಟ್ಟಿಸುತ್ತಿದ್ದಳು. ಕಿಟಕಿಯಿಂದ ಇಣುಕಿದರೆ ಅಂಜೂರದ ಮರದಡಿ ಕಾರು. ಅದಕ್ಕೆ ಸೂರಿರಲಿಲ್ಲ, ಮುಂದಿನ ಗಾಜೂ ಇರಲಿಲ್ಲ. ತೂಕ ಇಳಿಸುವ ಹಟದಲ್ಲಿ ಬಾಗಿಲಿನ ಹಿಡಿಯನ್ನೂ ತೆಗೆದು ಬಟ್ಟೆಯ ಪಟ್ಟಿ ಹೊಲಿದಿದ್ದರು. ಕಾರ್ಖಾನೆಯವರು ಇಂಥವನ್ನು ನಲವತ್ತೇ ಮಾಡಿದ್ದು, ಇದು ಕೊನೆಯದು.

ಕೊಂಡವರಿಗೆ ಒಪ್ಪಿಸುವ ಮುನ್ನ ಪ್ರತಿ ಕಾರನ್ನೂ ಗುಡ್ಡದ ರಸ್ತೆಯಲ್ಲಿ ಓಡಿಸಿ ನೋಡುವುದು ಎರ್ಮೆಸ್‌ನ ಕೆಲಸ. ಮದುವೆಯಾದಾಗಿನಿಂದ ಲೊರೆಟ್ಟಾ ಆ ಸದ್ದನ್ನು ಅಡುಗೆಮನೆಯಿಂದಲೇ ಕೇಳಿದವಳು. ತಿರುವಿನಲ್ಲಿ ಗೇರ್ ಇಳಿಸುವ ಬಗೆಯಿಂದಲೇ ಓಡಿಸುವವನು ತನ್ನ ಗಂಡನೆಂದು ತಿಳಿಯುತ್ತಿತ್ತು. ತನ್ನನ್ನೂ ಒಮ್ಮೆ ಕೂರಿಸಿಕೋ ಎಂದು ಹೊಸದರಲ್ಲಿ ಕೇಳಿದ್ದಳು. "ನೌಕರಿ ಹೋಗತ್ತೆ" ಎಂದಿದ್ದ. ಮತ್ತೆ ಕೇಳಲಿಲ್ಲ, ಆಸೆ ಮಾತ್ರ ಹೋಗಲಿಲ್ಲ.

ಈಗ ಅವನಿಗೆ ನಿವೃತ್ತಿ. ನಾಳೆಯಿಂದ ಕೆಲಸವಿಲ್ಲ.

"ಯಾರಾದ್ರೂ ನೋಡಿದ್ರೆ?" ಕೈ ತೊಳೆದು ಗೇಟಿಗೆ ಬಂದ ಲೊರೆಟ್ಟಾ ಕೇಳಿದಳು.

"ನೋಡ್ಲಿ ಬಿಡು. ಏನ್ ಮಾಡ್ತಾರೆ, ಮನೆಗೆ ಕಳಿಸ್ತಾರೆ ತಾನೆ?"

ಪಕ್ಕದ ಮನೆಯ ಮುದುಕಿ ಪೀನಾ ಬೇಲಿಯ ಮೇಲಿಂದ ಕತ್ತು ಚಾಚಿದಳು. "ಏನೇ ಲೊರೆಟ್ಟಾ, ಈ ವಯಸ್ಸಲ್ಲಿ ಓಡಿಹೋಗ್ತಿದ್ದೀಯಾ?"

"ಗಂಡನ ಜೊತೆ ಕಣಕ್ಕಾ!"

"ಓ, ಹಾಗಿದ್ರೆ ಊಟದ ಹೊತ್ತಿಗೆ ವಾಪಸ್ ಬರ್ತೀಯ."

ಲೊರೆಟ್ಟಾ ಕಾರಿನಲ್ಲಿ ಕೂತು, ಗಾಳಿಗೆ ಅಡ್ಡವಾಗಿ ಎರ್ಮೆಸ್ ಕೊಟ್ಟ ಕನ್ನಡಕ ಹಾಕಿಕೊಂಡಳು. ಕಾರು ಹೊರಟದ್ದೇ ಬೆನ್ನು ಸೀಟಿಗೆ ಅಂಟಿತು. ಗಾಳಿ ಬಾಯಿಗೆ ನುಗ್ಗಿ ಮಾತು ಕಸಿದುಕೊಂಡಿತು. ಕೊಯ್ದ ಹುಲ್ಲಿನ ಘಮ, ಹಂದಿ ಕೊಟ್ಟಿಗೆಯ ನಾತ, ಆಮೇಲೆ ಚೆಸ್ಟ್‌ನಟ್ ಮರಗಳ ನೆರಳಿನ ತಂಪು, ಒಂದೊಂದೂ ಮುಖಕ್ಕೇ ಬಂದು ಬಡಿಯಿತು. ಅವಳು ನಗುತ್ತಿದ್ದಳು. ಕನ್ನಡಕದೊಳಗೆ ಕಣ್ಣು ಒದ್ದೆಯಾಗಿದ್ದೂ ತಿಳಿಯಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಅವನು ನಿಲ್ಲಿಸಿದ. ಅವಳು ಉಸಿರು ಸುಧಾರಿಸಿಕೊಂಡು ಅವನ ತೋಳಿಗೆ ಗುದ್ದಿದಳು.

"ಮೂವತ್ತು ವರ್ಷ ಇಂಥಾ ಸುಖ ಉಂಡು, ಸಂಜೆ ಮನೆಗೆ ಬಂದು ಸೊಂಟನೋವು ಅಂತ ಮುಖ ಗಂಟು ಹಾಕ್ತಿದ್ಯಲ್ಲೋ, ಕಳ್ಳ!"

ಅವನು ನಕ್ಕ. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಎಂಜಿನ್ ಆರಿಸಿದ್ದರೂ ಕೈ ಸ್ಟೀರಿಂಗ್ ಮೇಲೆಯೇ ಇತ್ತು.

"ಕೊಂಡವನು ಇದನ್ನ ಓಡಿಸಲ್ವಂತೆ. ಗಾಜಿನ ಕೋಣೇಲಿ ಇಡ್ತಾನಂತೆ."

"ಒಂದ್ಸಲಾನೂ?"

"ಒಂದ್ಸಲಾನೂ."

ಇಳಿಯುವಾಗ ಅವನು ನಿಧಾನಕ್ಕೆ ಓಡಿಸಿದ. ಅವಳೂ ಅವಸರಪಡಿಸಲಿಲ್ಲ.

ಗೇಟಿನ ಬಳಿ ಅವಳು ಇಳಿದ ಮೇಲೆ ಎರ್ಮೆಸ್ ಮೆತ್ತನೆಯ ಬ್ರಷ್ ತೆಗೆದು ತನ್ನ ಸೀಟಿನ ಧೂಳು ಜಾಡಿಸಿದ. ಕಾರು ಒಪ್ಪಿಸುವಾಗ ಯಾವ ಗುರುತೂ ಉಳಿದಿರಬಾರದು. ಅವಳು ಕೂತಿದ್ದ ಕಡೆಗೆ ಬಾಗಿದ. ಬಾಗಿಲಿನ ಒಳಗಿನ ಬೂದು ಮಖಮಲ್ಲಿನ ಮೇಲೆ, ತಿರುವುಗಳಲ್ಲಿ ಅವಳು ಅವಚಿ ಹಿಡಿದಿದ್ದ ಜಾಗದಲ್ಲಿ, ನವಿರು ಒತ್ತಿಹೋಗಿ ಅಂಗೈ ಮತ್ತು ಐದು ಬೆರಳಿನ ಅಚ್ಚು ಸ್ಪಷ್ಟವಾಗಿ ಮೂಡಿತ್ತು.

ಬ್ರಷ್ ಹಿಡಿದ ಕೈ ಅಲ್ಲೇ ನಿಂತಿತು. ಬ್ರಷ್ ಕೆಳಗಿಟ್ಟು, ಅವಳತ್ತ ನೋಡದೆ, ಗಾಡಿ ಚಾಲೂ ಮಾಡಿದ.